ಹಳದಿಯನ್ನು ಕೆಂಪೆಂದು ಬರೆದವಳು

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಐವತ್ತು ನಿಮಿಷಕ್ಕೆ ನಾನು ಕೆಂಪಲ್ಲದ ಬಣ್ಣವನ್ನು ಕೆಂಪು ಎಂದು ಬರೆದೆ. ಗಡಿಯಾರ ನೋಡಿಯೇ ಬರೆದೆ – ಆ ಪರೀಕ್ಷೆಯಲ್ಲಿ ಬಣ್ಣದ ಪಕ್ಕದಲ್ಲಿ ಹೊತ್ತನ್ನೂ ಬರೆಯಬೇಕು. ಹಾಗಾಗಿ ಎಲ್ಲವೂ ಕೆಟ್ಟ ನಿಮಿಷ ಯಾವುದೆಂದು ನಾನು ಊಹಿಸಬೇಕಾಗಿಲ್ಲ, ಅದು ನನ್ನದೇ ಕೈಬರಹದಲ್ಲಿದೆ. ಆ ಒಂದು ಶಬ್ದದಿಂದಾಗಿ ಒಬ್ಬ ಮನುಷ್ಯನಿಗೆ ಸಿಗಬೇಕಾಗಿದ್ದ ಔಷಧ ಸಿಗಲಿಲ್ಲ. ಅವನು ಸತ್ತ. ಅವನು ಸತ್ತದ್ದಕ್ಕೆ ಇನ್ನೊಬ್ಬ ಮನುಷ್ಯನನ್ನು ನನ್ನ ಕಣ್ಣೆದುರಿಗೇ ಬಡಿದರು. ಆ ಮನುಷ್ಯ ಎಲ್ಲಿ ಅಡಗಿದ್ದಾನೆಂದು ಬಡಿಯುವವರಿಗೆ ತೋರಿಸಿದ ಬೆರಳು ನನ್ನದು.

ಇದಿಷ್ಟೇ ನಾನು ಹೇಳಬೇಕಾಗಿರುವುದು. ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ – ಕೇಳಿದವರು ‘ಪಾಪ, ಹೆದರಿದ್ದಳು’ ಅಂದುಬಿಡುತ್ತಾರೆ. ಎರಡು ವರ್ಷ ನಾನೂ ನನಗೆ ಹಾಗೆಯೇ ಹೇಳಿಕೊಂಡೆ. ಅದಕ್ಕೇ ಪೂರ್ತಿ ಬರೆಯುತ್ತೇನೆ.

ನಾನು ಬೈಲಹೊಂಗಲದವಳು. ಧಾರವಾಡದಲ್ಲಿ ಲ್ಯಾಬ್ ತಂತ್ರಜ್ಞಾನದ ಪದವಿ ಮುಗಿಸಿ, ನಮ್ಮ ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ರೋಗಿಯ ಕೀವು, ರಕ್ತ, ಮೂತ್ರದಿಂದ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ನೋಡುವುದು ನನ್ನ ಕೆಲಸ. ಕೆಲವು ರೋಗಾಣುಗಳು ಔಷಧವನ್ನೇ ತುಂಡರಿಸುವ ಕಿಣ್ವವನ್ನು ತಯಾರಿಸುತ್ತವೆ. ಆಗ ಎಷ್ಟು ದೊಡ್ಡ ಇಂಜೆಕ್ಷನ್ ಕೊಟ್ಟರೂ ನೀರು ಕೊಟ್ಟಂತೆ. ಅದನ್ನು ಹಿಡಿಯಲು ಬಣ್ಣದ ಪರೀಕ್ಷೆ ಇದೆ. ಎರಡು ಸಣ್ಣ ಟ್ಯೂಬು, ಎರಡರಲ್ಲೂ ಕೆಂಪು ದ್ರವ, ಎರಡರಲ್ಲೂ ಅದೇ ರೋಗಾಣು. ಒಂದರಲ್ಲಿ ಮಾತ್ರ ಔಷಧದ ಪುಡಿ. ಎರಡು ತಾಸು ಬೆಚ್ಚಗೆ ಇಡಬೇಕು. ಎರಡೂ ಕೆಂಪಾಗಿಯೇ ಉಳಿದರೆ ಆ ಕಿಣ್ವವಿಲ್ಲ. ಔಷಧವಿದ್ದ ಟ್ಯೂಬು ಕಿತ್ತಳೆಗೆ, ಹಳದಿಗೆ ತಿರುಗಿತೋ – ರೋಗಾಣು ಔಷಧವನ್ನು ತಿಂದುಹಾಕುತ್ತಿದೆ ಎಂದರ್ಥ. ಆ ಔಷಧವನ್ನು ಬಿಡಬೇಕು, ಬೇರೆಯದನ್ನು ಹುಡುಕಬೇಕು. ಅಷ್ಟೇ ಸರಳ. ಕಣ್ಣಿದ್ದರೆ ಸಾಕು.

ಯಲ್ಲಪ್ಪ ಉಗರಗೋಳದವನು. ಮೂವತ್ತೆರಡು ವರ್ಷ. ಹೊಲದಲ್ಲಿ ಟ್ರ್ಯಾಕ್ಟರಿನ ಹಿಂದೆ ಮಣ್ಣು ಪುಡಿಮಾಡುವ ರೋಟರಿಗೆ ಎಡಗಾಲು ಸಿಕ್ಕು ಮೊಣಕಾಲಿನ ಕೆಳಗೆ ಸೀಳಿಹೋಗಿತ್ತು. ಬೇರೆ ಕಡೆ ಎಂಟು ದಿನ ನಾಲ್ಕು ನಮೂನೆಯ ಇಂಜೆಕ್ಷನ್ ಹಾಕಿಸಿಕೊಂಡು, ವಾಸಿಯಾಗದೆ, ನಮ್ಮಲ್ಲಿಗೆ ಬಂದಿದ್ದ. ಪಟ್ಟಿ ಬಿಚ್ಚಿದಾಗ ವಾಸನೆ ಓಣಿಯವರೆಗೂ ಬರುತ್ತಿತ್ತು. ಅವನನ್ನು ನೋಡುತ್ತಿದ್ದವರು ರಾಮದುರ್ಗದ ಒಬ್ಬ ತರುಣ ಡಾಕ್ಟರು, ನನಗಿಂತ ಐದಾರು ವರ್ಷ ಚಿಕ್ಕವರು. ನನ್ನನ್ನು ‘ಅಕ್ಕಾರ’ ಎಂದೇ ಕರೆಯುತ್ತಿದ್ದರು. ಅವರ ಹೆಸರು ಬರೆಯುವುದಿಲ್ಲ. ಅವರ ಹೆಸರಿನ ಮೇಲೆ ಆಗಲೇ ಬಹಳ ಮಂದಿ ಬರೆದಿದ್ದಾರೆ.

ಈಗ ಭಂಡಾರದ ಮಾತು ಹೇಳಬೇಕು. ನಮ್ಮ ಭಾಗದವರಿಗೆ ಹೇಳುವುದೇ ಬೇಡ – ಯಲ್ಲಮ್ಮನ ಅರಿಷಿಣಪುಡಿ. ಲ್ಯಾಬಿನಲ್ಲಿ ಗಾಜು ತೊಳೆಯುವ ಶಾಂತವ್ವ ಪ್ರತಿ ಮಂಗಳವಾರ, ಶುಕ್ರವಾರ ಬಂದವಳೇ ಎಲ್ಲ ಮಶೀನಿಗೂ ಭಂಡಾರ ಹಚ್ಚುತ್ತಿದ್ದಳು. ಇನ್‌ಕ್ಯುಬೇಟರಿನ ಹಿಡಿಕೆಗೆ, ಸೂಕ್ಷ್ಮದರ್ಶಕಕ್ಕೆ, ಕಡೆಗೆ ನನ್ನ ಹಣೆಗೆ.

“ಶಾಂತವ್ವ, ಲ್ಯಾಬಿನ್ಯಾಗ ಇದೆಲ್ಲಾ ಬ್ಯಾಡವಾ,” ಅಂದರೆ,

“ನೀವು ಕಣ್ಣಿಗೆ ಕಾಣದ ಹುಳಾ ನಂಬತೀರಿ, ನಾ ಕಣ್ಣಿಗೆ ಕಾಣದ ತಾಯೀನ ನಂಬತೇನಿ. ಹಿಡೀರಿ ಹಣಿ,” ಅನ್ನುತ್ತಿದ್ದಳು.

ಯಲ್ಲಪ್ಪ ಬರುವ ಮೊದಲಿನ ತಿಂಗಳು ಹೀಗೇ ಒಂದು ಮಂಗಳವಾರ ಒಂದು ಟ್ಯೂಬು ಕಿತ್ತಳೆಯಾಗಿತ್ತು. ಗಾಬರಿಯಾಗಿ ಫೋನ್ ಮಾಡಿ ಎಲ್ಲರಿಗೂ ಹೇಳಿಬಿಟ್ಟೆ. ಕೈ ತೊಳೆದು ಪರೀಕ್ಷೆಯನ್ನು ಮತ್ತೆ ಹಚ್ಚಿದಾಗ ಕೆಂಪಾಗಿಯೇ ಉಳಿಯಿತು – ನನ್ನ ಬೆರಳಿನ ಭಂಡಾರ ಮುಚ್ಚಳದ ಮೂಲಕ ಒಳಗೆ ಇಳಿದಿತ್ತು. ವಾರಕ್ಕೆರಡು ಸಲ ಬೆಳಗಾವಿಯಿಂದ ಬರುತ್ತಿದ್ದ ನಮ್ಮ ಲ್ಯಾಬಿನ ಮುಖ್ಯಸ್ಥರು ಎಲ್ಲರ ಮುಂದೆ, “ಏನ್ರಿ ಅಕ್ಕಾರ, ಇವತ್ತ ಯಲ್ಲಮ್ಮ ಏನ್ ರಿಪೋರ್ಟ್ ಕೊಟ್ಲು?” ಅಂದರು. ಎಲ್ಲರೂ ನಕ್ಕರು. ಕ್ಯಾಂಟೀನಿನ ಹುಡುಗಿಯರವರೆಗೂ ಆ ಮಾತು ಹೋಯಿತು. ಹನ್ನೊಂದು ವರ್ಷದಲ್ಲಿ ನನ್ನ ಕೆಲಸದ ಮೇಲೆ ಯಾರೂ ನಕ್ಕಿರಲಿಲ್ಲ.

ಆ ಮಂಗಳವಾರ ಯಲ್ಲಪ್ಪನ ಟ್ಯೂಬುಗಳನ್ನು ಹನ್ನೊಂದು ಹತ್ತಕ್ಕೆ ಬೆಚ್ಚಗೆ ಇಟ್ಟೆ. ಐವತ್ತಕ್ಕೆ ತೆಗೆದು ನೋಡಿದೆ. ಔಷಧದ ಟ್ಯೂಬು ಕಿತ್ತಳೆಯಾಗಿತ್ತು. ನನ್ನ ಬೆರಳಿನ ತುದಿ ಹಳದಿಯಾಗಿತ್ತು. ಎರಡನ್ನೂ ನೋಡಿದೆ – ಟ್ಯೂಬು, ಬೆರಳು – ಮತ್ತೆ ಆ ನಗು ಕಿವಿಗೆ ಬಂತು. ಭಂಡಾರವೇ, ಅಂದುಕೊಂಡೆ. ಹಾಗಿದ್ದರೆ ಪರೀಕ್ಷೆಯನ್ನು ಮತ್ತೆ ಹಚ್ಚಬೇಕಿತ್ತು. ಅನುಮಾನವಿದ್ದರೆ ಮತ್ತೆ ಹಚ್ಚಬೇಕೆಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಔಷಧದ ಪುಡಿ ಇತ್ತು, ಹೊತ್ತಿತ್ತು. ನಾನು ಹಚ್ಚಲಿಲ್ಲ. ‘ಕೆಂಪು, 11.50’ ಎಂದು ಬರೆದೆ. ಎರಡು ತಾಸಿನ ಕೊನೆಗೆ, ಒಂದು ಹತ್ತಕ್ಕೆ, ನೋಡಿ ಬರೆಯಬೇಕಾಗಿದ್ದ ಇನ್ನೊಂದು ಖಾನೆಯಿತ್ತು. ಅದರಲ್ಲೂ ಆಗಲೇ ‘ಕೆಂಪು’ ಎಂದು ತುಂಬಿ, ಸಹಿ ಹಾಕಿ, ಕಾಗದವನ್ನು ವಾರ್ಡಿಗೆ ಕಳಿಸಿದೆ.

ತಪ್ಪು ಭಂಡಾರದ್ದಲ್ಲ. ಶಾಂತವ್ವನದೂ ಅಲ್ಲ. ಇದನ್ನು ಯಾರೂ ಹಾಗೆ ಓದಬಾರದು.

ಮೂರು ಗಂಟೆಯ ಹೊತ್ತಿಗೆ ಟ್ಯೂಬುಗಳನ್ನು ಎಸೆಯಲೆಂದು ತೆಗೆದೆ. ಔಷಧದ ಟ್ಯೂಬು ಲಿಂಬೆಹಣ್ಣಿನ ಹಳದಿಯಾಗಿತ್ತು. ಪಕ್ಕದ್ದು ಕೆಂಪಾಗಿಯೇ ಇತ್ತು. ಒಳಗೆ ಬಿದ್ದ ಅರಿಷಿಣ ಗಂಟೆಗಂಟೆಗೆ ಹೆಚ್ಚುವುದಿಲ್ಲ. ಆಗಲೇ ನನಗೆ ಗೊತ್ತಾಯಿತು. ಇಲ್ಲಿಯವರೆಗಿನದನ್ನು ಬೇಕಾದರೆ ತಪ್ಪು ಅನ್ನಿ – ಇಲ್ಲಿಂದ ಮುಂದಿನದು ತಪ್ಪಲ್ಲ. ನಾನು ಟ್ಯೂಬುಗಳನ್ನು ಎಸೆಯುವ ಡಬ್ಬಿಗೆ ಹಾಕಿ, ಮೇಲೆ ಕ್ರಿಮಿನಾಶಕ ನೀರು ಸುರಿದು, ಕೈ ತೊಳೆದುಕೊಂಡು ಮನೆಗೆ ಹೋದೆ.

ಗುರುವಾರ ಬೆಳಿಗ್ಗೆ ಡಾಕ್ಟರು ಫೋನ್ ಮಾಡಿದರು.

“ಅಕ್ಕಾರ, ಯಲ್ಲಪ್ಪಗ ಜ್ವರಾ ಇಳೀವಲ್ದು. ದೊಡ್ಡ ಇಂಜೆಕ್ಷನ್ ಚಾಲೂ ಮಾಡಿ ಎರಡ ದಿನಾ ಆತು. ಆ ಬಣ್ಣದ ಟೆಸ್ಟ ಇನ್ನೊಮ್ಮೆ ಹಚ್ಚಿ ನೋಡ್ತೀರೇನು?”

ಇದು ನನಗೆ ಸಿಕ್ಕ ಬಾಗಿಲು. ‘ನೋಡತೇನ್ರಿ’ ಅಂದಿದ್ದರೆ ಸಾಕಿತ್ತು. ನಾನು ಅಂದದ್ದು –

“ಹಚ್ಚಿ ನೋಡೇನ್ರಿ ಸರ್. ಎರಡ ಸಲಾನೂ ಕೆಂಪ ಐತಿ.”

“ಖರೇನ?”

“ಖರೇ ರೀ.”

ಫೋನ್ ಇಟ್ಟ ಮೇಲೆ ಯಲ್ಲಪ್ಪನ ರೋಗಾಣುವಿದ್ದ ತಟ್ಟೆಯನ್ನು ತೆಗೆದು ಕೈಯಲ್ಲಿ ಹಿಡಿದು ನಿಂತೆ. ಎಷ್ಟು ಹೊತ್ತೋ. ಈಗ ಮತ್ತೆ ಹಚ್ಚಿ ಹಳದಿ ಬಂದರೆ, ಎರಡು ಸಲ ಸುಳ್ಳು ಹೇಳಿದ್ದು ಹೊರಬೀಳುತ್ತದೆ. ತಟ್ಟೆಯನ್ನು ಒಳಗೆ ಇಟ್ಟು ಬಾಗಿಲು ಮುಚ್ಚಿದೆ.

ಶನಿವಾರ ಮಧ್ಯಾಹ್ನ ಮೂರೂವರೆಗೆ ಯಲ್ಲಪ್ಪ ಸತ್ತ.

ಉಗರಗೋಳದಿಂದ ಮಂದಿ ಬರಲು ಒಂದೂವರೆ ತಾಸು ಹಿಡಿಯಿತು. ಎರಡು ಟ್ರ್ಯಾಕ್ಸ್ ಗಾಡಿ, ಬೈಕುಗಳು. ಮೊದಲು ಹೆಂಗಸರ ಅಳು ಕೇಳಿತು, ಆಮೇಲೆ ಮುಂದಿನ ಗಾಜಿನ ಬಾಗಿಲು ಒಡೆದ ಸಪ್ಪಳ. ಆ ಸಪ್ಪಳ ಈಗಲೂ ನನ್ನ ಬೆನ್ನಿನಲ್ಲಿದೆ. ಅಡುಗೆಮನೆಯಲ್ಲಿ ಲೋಟ ಬಿದ್ದರೂ ಗೋಡೆಗೆ ಒತ್ತಿಕೊಂಡು ನಿಲ್ಲುತ್ತೇನೆ. ಡಾಕ್ಟರು ಓಡಿ ಬಂದು ನನ್ನನ್ನೂ ಶಾಂತವ್ವನನ್ನೂ ಲ್ಯಾಬಿನೊಳಗೆ ದೂಡಿದರು.

“ಚಿಲಕಾ ಹಾಕ್ಕೊಂಡ ಕುಂತಬಿಡ್ರಿ ಅಕ್ಕಾರ. ಯಾರ ಬಡದ್ರೂ ತಗೀಬ್ಯಾಡ್ರಿ.”

“ನೀವು?”

“ಎದುರಿಗಿನ ಸ್ಟೋರಿನ್ಯಾಗ ಇರತೇನಿ. ಪೊಲೀಸರಿಗೆ ಹೇಳೇನಿ.”

ಅವರು ಸ್ಟೋರಿನ ಕಬ್ಬಿಣದ ಬಾಗಿಲು ಎಳೆದುಕೊಂಡದ್ದನ್ನು ಕಂಡೆ. ಹೊರಗೆ ಒಂದೊಂದೇ ವಸ್ತು ಒಡೆಯುತ್ತ ಬಂತು. ಯಾವುದು ಯಾವುದೆಂದು ಸಪ್ಪಳದಿಂದಲೇ ಗೊತ್ತಾಗುತ್ತಿತ್ತು – ಚೀಟಿ ಬರೆಯುವ ಕೌಂಟರು, ನೀರಿನ ಕ್ಯಾನು, ಕುರ್ಚಿಗಳು, ಟ್ಯೂಬ್‌ಲೈಟು. ಒಬ್ಬ ನರ್ಸು ಕೂಗಿದಳು, ಕೂಗು ನಡುವೆಯೇ ನಿಂತಿತು. ನಮ್ಮ ಬಾಗಿಲಿಗೆ ಮೊದಲು ಕೈ ಬಿತ್ತು, ಆಮೇಲೆ ಕಾಲು, ಆಮೇಲೆ ಸಲೈನ್ ಸ್ಟ್ಯಾಂಡು. ಚಿಲಕದ ಮೊಳೆ ಒಂದೊಂದಾಗಿ ಹೊರಗೆ ಬರುವುದನ್ನು ನೋಡುತ್ತ ಕೂತಿದ್ದೆ. ಬಾಗಿಲು ಒಳಗೆ ಬಿತ್ತು.

ಏಳೆಂಟು ಮಂದಿ. ಮುಂದೆ ಯಲ್ಲಪ್ಪನ ಅಣ್ಣ ಫಕ್ಕೀರಪ್ಪ. ಒಂದು ವಾರ ತಮ್ಮನ ಮಂಚದ ಪಕ್ಕದಲ್ಲಿ ಕೂತಿದ್ದವನು. ನನಗೆ ದಿನವೂ ನಮಸ್ಕಾರ ಮಾಡುತ್ತಿದ್ದವನು. ಅವರು ಇನ್‌ಕ್ಯುಬೇಟರನ್ನು ಎಳೆದು ಕೆಡವಿದರು. ತಟ್ಟೆಗಳು ಉರುಳಿ ನೆಲಕ್ಕೆ ಬಿದ್ದವು. ಅದರಲ್ಲಿ ಯಲ್ಲಪ್ಪನ ಕಾಲಿನ ರೋಗಾಣುವಿನ ತಟ್ಟೆಯೂ ಇತ್ತು – ಅದು ಅವನ ಅಣ್ಣನ ಚಪ್ಪಲಿಯ ಕೆಳಗೆ ಪುಡಿಯಾಯಿತು. ಆ ಗಳಿಗೆಯಲ್ಲಿ, ಶಾಂತವ್ವ ನನ್ನ ಸೆರಗು ಹಿಡಿದು ಕೂತಿದ್ದಾಗ, ನನ್ನ ಮನಸ್ಸಿನ ಒಂದು ಮೂಲೆ ಅಂದುಕೊಂಡಿತು – ಸಾಕ್ಷಿ ಹೋಯಿತು. ಹೌದು. ಅಂದುಕೊಂಡಿತು.

ಫಕ್ಕೀರಪ್ಪನ ಕೈಯಲ್ಲಿ ನನ್ನ ಕಾಗದವಿತ್ತು. ಮುದ್ದೆಯಾಗಿತ್ತು. ಅದನ್ನು ನನ್ನ ಮುಖದ ಹತ್ತಿರ ಹಿಡಿದ.

“ಈ ಸೂಜಿ ನಾಟತೈತಿ ಅಂತ ಇದರಾಗ ಬರದೈತಂತ. ಯಾರ ಬರದಾರ ಇದನ್ನ?”

ಅವನ ಪ್ರಶ್ನೆಗೆ ಒಂದೇ ಉತ್ತರವಿತ್ತು. ಅವನು ಬೇರೆ ಏನನ್ನೋ ಕೇಳಿದ್ದರೆ, ಸುಮ್ಮನೆ ಬೈದಿದ್ದರೆ – ಇಲ್ಲ, ಅವನು ಸರಿಯಾಗಿಯೇ ಕೇಳಿದ. ಕೆಳಗೆ ನನ್ನ ಸಹಿ ಇತ್ತು. ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

“ಡಾಕ್ಟರ್ ರೀ,” ಅಂದೆ. “ನಾವೇನ್ರಿ, ಅವರ ಹೇಳಿದ್ದನ್ನ ಬರೀತೀವಿ.”

“ಎಲ್ಲಿ ಅದಾನ ಆ ಬೋಳಿಮಗ?”

ನಾನು ಕೈ ಎತ್ತಿದೆ. ಬೆರಳು ಸ್ಟೋರಿನ ಕಡೆಗಿತ್ತು.

ಬಾಗಿಲು ಬಿದ್ದುಹೋಗಿದ್ದರಿಂದ ಎಲ್ಲವೂ ಕಾಣುತ್ತಿತ್ತು. ಡಾಕ್ಟರನ್ನು ಕಾಲು ಹಿಡಿದು ಹೊರಗೆಳೆದರು. ಸ್ಟ್ಯಾಂಡಿನಿಂದ ಬೆನ್ನಿಗೆ, ತಲೆಗೆ ಬಡಿದರು. ಎಡಗಿವಿಯಿಂದ ರಕ್ತ ಬಂತು. ಒಬ್ಬ ಎದೆಯ ಮೇಲೆ ಹತ್ತಿ ನಿಂತ. ಡಾಕ್ಟರು “ಬಿಡ್ರಪಾ, ಬಿಡ್ರಪಾ” ಅನ್ನುತ್ತಿದ್ದರು, ಆಮೇಲೆ ಅದೂ ನಿಂತಿತು. ಆಗ ಫಕ್ಕೀರಪ್ಪ ಅವರ ಬಲಗೈ ಹಿಡಿದೆತ್ತಿದ.

“ಯಾವ ಕೈಲೆ ಬರದಿ ಲೇ? ಈ ಕೈಲೇನ?”

ಬೆರಳುಗಳನ್ನು ಕಬ್ಬಿಣದ ಬಾಗಿಲಿನ ಸಂದಿಯಲ್ಲಿಟ್ಟು ಬಾಗಿಲನ್ನು ದೂಡಿದ. ಮೂರು ಸಲ. ಮೊದಲ ಸಲ ಸಪ್ಪಳ ಕೇಳಿತು, ಕಬ್ಬಿಣದ್ದಲ್ಲ. ಎರಡನೆಯ ಸಲ ಡಾಕ್ಟರು ತಲೆ ತಿರುಗಿಸಿ ನನ್ನ ಕಡೆ ನೋಡಿದರು. ಆ ಕಾಗದವನ್ನು ಬರೆದವರು ಯಾರೆಂದು ಆ ಕಟ್ಟಡದಲ್ಲಿ ನನ್ನನ್ನು ಬಿಟ್ಟರೆ ಚೆನ್ನಾಗಿ ಗೊತ್ತಿದ್ದವರು ಅವರೊಬ್ಬರೇ. ಹೇಳಲಿಲ್ಲ. ಮೂರನೆಯ ಸಲದ ಹೊತ್ತಿಗೆ ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಪೊಲೀಸರು ಬಂದ ಮೇಲೆ, ಗಾಜಿನ ಚೂರುಗಳ ನಡುವೆ ಕೂತಿದ್ದ ಶಾಂತವ್ವ ನನ್ನ ಸೆರಗು ಬಿಟ್ಟಳು.

“ನನ್ನ ಕಡೆ ಕೈ ಮಾಡಿದ್ರೂ ಇಷ್ಟ ಸಂಕಟ ಆಗತಿದ್ದಿಲ್ರಿ ಅಕ್ಕಾರ,” ಅಂದಳು. ಅದೇ ಕೊನೆ. ಆಮೇಲೆ ಅವಳು ಕೆಲಸಕ್ಕೆ ಬರಲಿಲ್ಲ.

ಹದಿನೈದು ದಿನಗಳ ನಂತರ ಆಸ್ಪತ್ರೆಯವರು ವಿಚಾರಣೆ ನಡೆಸಿದರು. ಮೂವರು ಕೂತಿದ್ದರು. ಡಾಕ್ಟರು ಕೈಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದರು. ಔಷಧ ನಾಟುತ್ತಿಲ್ಲವೆಂದು ಕಂಡರೂ ಯಾಕೆ ಬದಲಿಸಲಿಲ್ಲ ಎಂದು ಅವರನ್ನು ಕೇಳಿದಾಗ, ‘ಗುರುವಾರ ಲ್ಯಾಬಿಗೆ ಫೋನ್ ಮಾಡಿ ಮತ್ತೆ ಪರೀಕ್ಷಿಸಲು ಕೇಳಿದೆ, ಮತ್ತೆ ನೋಡಿಯಾಗಿದೆ ಅಂದರು’ ಎಂದು ಹೇಳಿದರು. ನನ್ನನ್ನು ಕರೆದು ಕೇಳಿದರು. ‘ಅಂಥ ಫೋನ್ ಬಂದ ನೆನಪಿಲ್ಲ’ ಅಂದೆ. ಅವರು ಎದುರಿಗೇ ಕೂತಿದ್ದರು. ಎಡಗಿವಿ ಕೇಳಿಸದಿದ್ದುದರಿಂದ ಬಲಗಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು – ನನ್ನ ಒಂದು ಮಾತೂ ತಪ್ಪಿಹೋಗಬಾರದೆಂದು – ಕೇಳುತ್ತಿದ್ದರು. ಅವರ ನಿರ್ಲಕ್ಷ್ಯ ಎಂದು ಬರೆದು ಕೆಲಸದಿಂದ ತೆಗೆದರು. ಪೇಟೆಯಲ್ಲಿ ಅವರನ್ನು ‘ಕೊಂದ ಡಾಕ್ಟರ್’ ಅಂದರು. ಮುರಿದ ಬೆರಳಿನಿಂದ ಆಪರೇಷನ್ ಮಾಡಲು ಬರುವುದಿಲ್ಲ. ಅವರು ರಾಮದುರ್ಗಕ್ಕೆ ಹೋದರು.

ನಾನು ಕೆಲಸ ಮುಂದುವರಿಸಿದೆ. ಲ್ಯಾಬಿಗೆ ಹೊಸ ಬಾಗಿಲು ಹಾಕಿಸಿದರು. ರಾತ್ರಿ ಒಂದು ತಾಸು ಮಲಗಿದರೆ ಮೊಳೆಗಳು ಬಾಗಿಲಿನಿಂದ ಕಳಚಿ ಬರುವುದು ಕಾಣುತ್ತಿತ್ತು. ಎದ್ದು ಚಿಲಕ ನೋಡಿ ಬರುತ್ತಿದ್ದೆ. ಒಂದು ವಿಚಿತ್ರ – ಕನಸಿನಲ್ಲಿ ಬಾಗಿಲ ಸಂದಿಯಲ್ಲಿರುತ್ತಿದ್ದುದು ಯಾವತ್ತೂ ನನ್ನ ಕೈಯಲ್ಲ. ಅಲ್ಲಿಯೂ ನಾನು ತಪ್ಪಿಸಿಕೊಂಡಿರುತ್ತಿದ್ದೆ.

ಈ ವರ್ಷ, ಎರಡು ತಿಂಗಳ ಹಿಂದೆ, ಇನ್ನೊಬ್ಬ ರೋಗಿಯ ಟ್ಯೂಬು ಕಣ್ಣೆದುರಿಗೇ ಹಳದಿಗೆ ತಿರುಗಿತು. ಹಳದಿ ಎಂದು ಬರೆದೆ. ಔಷಧ ಬದಲಿಸಿದರು. ಆ ಅಜ್ಜಿ ಹನ್ನೆರಡನೆಯ ದಿನ ನಡೆದುಕೊಂಡು ಮನೆಗೆ ಹೋದಳು. ಹೋಗುವಾಗ ಲ್ಯಾಬಿನ ಬಾಗಿಲಲ್ಲಿ ನಿಂತು, “ನಿನ್ನ ಕೈಗುಣಾ ಛಲೋ ಐತಿ ತಂಗಿ” ಅಂದಳು. ನಾನು ರಜೆ ಚೀಟಿ ಬರೆದಿಟ್ಟು ರಾಮದುರ್ಗದ ಬಸ್ಸು ಹತ್ತಿದೆ.

ಡಾಕ್ಟರು ಮನೆಯ ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಾರೆ, ಕೆಮ್ಮು ನೆಗಡಿಯವರನ್ನು. ಚೀಟಿಯನ್ನು ಎಡಗೈಯಿಂದ ನಿಧಾನವಾಗಿ ಬರೆಯುತ್ತಾರೆ. ನಾನು ಎಲ್ಲವನ್ನೂ ಹೇಳಿದೆ – ಕಿತ್ತಳೆ, ಹಳದಿ, ಡಬ್ಬಿ, ಫೋನು, ಬೆರಳು, ವಿಚಾರಣೆ.

“ಹಳದಿ ಅಂದಿದ್ರ ಬೇರೆ ಔಷಧ ಇತ್ರಿ ಅಕ್ಕಾರ,” ಅಂದರು ಕೊನೆಗೆ. “ಬೆಳಗಾವಿಯಿಂದ ಸಂಜೀ ಒಳಗ ತರಸತಿದ್ದೆ.”

“ಉಳೀತಿದ್ನೇನ್ರಿ?”

“ಅದನ್ನ ಹೆಂಗ ಹೇಳಲಿ? ಉಳೀತಿದ್ದ ಅನ್ನಾಕ ಬರಾಂಗಿಲ್ಲ. ಕೊಡತಿದ್ದೆ, ಅಷ್ಟ.”

ಅವತ್ತು ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಯಾವ ಆಸೆಯಿಂದ ಕೇಳಿದೆನೋ – ದೊಡ್ಡ ಮನಸ್ಸಿನ ಉತ್ತರವೊಂದು ಸಿಕ್ಕೀತೆಂದು ಇರಬೇಕು.

“ಹೇಳಬೇಕಂತನಾ ನಿಮ್ಮ ಕಡೆ ನೋಡಿದೆ. ಎದಿ ಮ್ಯಾಲೆ ಒಬ್ಬ ನಿಂತಿದ್ದ, ಉಸರ ಬರಲಿಲ್ಲ. ಬಂದಿದ್ರ ಹೇಳತಿದ್ದೆ. ನಾನೇನ ದೇವರಲ್ಲ.”

ಒಳಗಿನಿಂದ ಅವರ ತಾಯಿ ಚಹಾ ತಂದರು, ಯಾರಿವರು ಎಂದು ಕೇಳಿದರು. “ಲ್ಯಾಬಿನ ಅಕ್ಕಾರು,” ಅಂದರು ಡಾಕ್ಟರು. ತಾಯಿ ಹೋಗುವವರೆಗೆ ಕಾದು, “ನನ್ನ ಮುಂದ ಹೇಳಿದ್ರ ಮುಗದಂಗ ಅಲ್ಲ. ಬರದ ಕೊಡ್ರಿ. ಯಾರ್ಯಾರಿಗೆ ಸುಳ್ಳ ಹೇಳೀರಿ, ಅವರವರಿಗೆ ಕೊಡ್ರಿ,” ಅಂದರು. ಕ್ಷಮಿಸಿದ್ದೇನೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಬರೆದುಕೊಟ್ಟೆ. ಆಸ್ಪತ್ರೆಗೆ ಒಂದು, ಪೊಲೀಸರಿಗೆ ಒಂದು, ಫಕ್ಕೀರಪ್ಪನ ಮೇಲಿನ ಮೊಕದ್ದಮೆ ನಡೆಯುತ್ತಿರುವ ಕೋರ್ಟಿಗೆ ಒಂದು. ನನ್ನ ಕೆಲಸ ಹೋಯಿತು. ನನ್ನ ಮೇಲೆ ಏನು ಕ್ರಮವೆಂದು ಇನ್ನೂ ತೀರ್ಮಾನವಾಗಿಲ್ಲ. ಡಾಕ್ಟರ ವಿಷಯದಲ್ಲಿ ಮರುವಿಚಾರಣೆ ಶುರುವಾಗಿದೆ. ಅಷ್ಟೆಲ್ಲ ಆದರೂ ರಾತ್ರಿ ಮೊಳೆಗಳು ಕಳಚುವುದು ನಿಲ್ಲಲಿಲ್ಲ. ಒಂದು ಮನೆ ಉಳಿದಿತ್ತು.

ಹೋದ ಬುಧವಾರ ಸವದತ್ತಿಯಲ್ಲಿ ಬಸ್ಸಿಳಿದು ಉಗರಗೋಳಕ್ಕೆ ಹೋದೆ. ಫಕ್ಕೀರಪ್ಪ ಜಾಮೀನಿನ ಮೇಲೆ ಮನೆಯಲ್ಲಿದ್ದ. ಕಟ್ಟೆಯ ಮೇಲೆ ಕೂತು ಗೋವಿನಜೋಳದ ತೆನೆ ಬಿಡಿಸುತ್ತಿದ್ದ. ನನ್ನ ಗುರುತು ಹತ್ತಲಿಲ್ಲ.

“ಯಾರ್ರಿ ನೀವು?”

ಹೇಳಿದೆ. ಯಲ್ಲಪ್ಪನ ಹೆಂಡತಿ ಹೊಸ್ತಿಲಿನವರೆಗೆ ಬಂದು ನಿಂತಳು. ಅರ್ಧ ಕೇಳಿ ಒಳಗೆ ಹೋದಳು. ಒಳಗೆ ಏನೋ ಹಿತ್ತಾಳೆಯದು ನೆಲಕ್ಕೆ ಬಡಿದ ಸಪ್ಪಳವಾಯಿತು. ನನ್ನ ಮೈ ಗೋಡೆ ಹುಡುಕಿತು, ಅಲ್ಲಿ ಗೋಡೆಯಿರಲಿಲ್ಲ.

“ಹಂಗಾರ ಆ ಕಾಗದಾ ಅಂವ ಬರದಿದ್ದಿಲ್ಲ?”

“ಇಲ್ಲ. ನಾನು ಬರದದ್ದು.”

“ನಾ ಕೇಳಿದೆ. ನಿನ್ನ ಮುಂದ ನಿಂತ ಕೇಳಿದೆ.”

“ಹೌದ್ರಿ.”

ಅವನ ಕೈಯಲ್ಲಿದ್ದ ತೆನೆ ನಡುವೆ ಮುರಿಯಿತು. ಕಾಳು ಕಟ್ಟೆಯ ಕೆಳಗೆ ಚೆಲ್ಲಿತು. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಎಂದೂ ಅಂದುಕೊಂಡೆ. ಅವನು ನನ್ನನ್ನು ನೋಡಲಿಲ್ಲ.

“ನನ್ನ ಕೈಲೆ ಯಾಕ ಹೊಡಸಿದಿ ಅವನ್ನ?” ಅಂದ. ದನಿ ಬಹಳ ಸಣ್ಣದಿತ್ತು. ಆಮೇಲೆ, “ಹೋಗ. ನಾ ಏಳೋದ್ರಾಗ ಹೋಗ.”

ನಾನು ಬಸ್ಸಿನ ದಾರಿ ಹಿಡಿದೆ. ಅವನ ಮೊಕದ್ದಮೆಯಲ್ಲಿ ಸಾಕ್ಷಿಗೆ ಕರೆದಾಗ ಹೋಗುತ್ತೇನೆ, ಕೇಳಿದ್ದಕ್ಕೆಲ್ಲ ಹೇಳುತ್ತೇನೆ. ಅದರಿಂದ ಅವನ ಶಿಕ್ಷೆ ಒಂದು ದಿನವೂ ಕಡಿಮೆಯಾಗದೇ ಇರಬಹುದು.

ಅವತ್ತು ಮನೆಗೆ ಬಂದು, ಊಟ ಮಾಡದೆ, ಹಾಸಿಗೆಯ ಮೇಲೆ ಕೂತವಳು ಹಾಗೇ ಒರಗಿದೆ. ಎಚ್ಚರವಾದಾಗ ಬೆಳಗಿನ ಆರೂವರೆ. ಹಾಲಿನವನು ಬಂದು ಹೋಗಿದ್ದ. ಎರಡು ವರ್ಷದಲ್ಲಿ ಮೊದಲ ಸಲ ಇಡೀ ರಾತ್ರಿ ಮಲಗಿದ್ದೆ, ಒಮ್ಮೆಯೂ ಏಳದೆ. ಅವರಿಬ್ಬರೂ – ಒಬ್ಬರು ರಾಮದುರ್ಗದಲ್ಲಿ, ಇನ್ನೊಬ್ಬ ಉಗರಗೋಳದಲ್ಲಿ – ಆ ರಾತ್ರಿ ಹೇಗೆ ಕಳೆದರೋ ನನಗೆ ಗೊತ್ತಿಲ್ಲ. ನನಗೆ ನಿದ್ದೆ ಬಂತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬಂತು. ಇದನ್ನೂ ಮುಚ್ಚಿಡುವುದಿಲ್ಲ.